ಗಲಾಟೆ ನಿಂತ ಮೇಲೆ ಊರು ಕೂಡಿಸುವುದು ಹೇಗೆ?

“ಲೈಬೀರಿಯಾ, ಮೊಜಾಂಬಿಕ್, ಶ್ರೀಲಂಕಾದಲ್ಲಿ ಯುದ್ಧ ಮುಗಿದ ಮೇಲೆ ಜನ ಹೇಗೆ ಕೂಡಿದರು ಅಂತ ಬರೆಯುತ್ತೀರಿ, ಓದುತ್ತೇವೆ. ಆದರೆ ಗಲಾಟೆ ನಿಂತ ನಮ್ಮ ಕೇರಿಯಲ್ಲಿ ನಾಳೆ ಬೆಳಿಗ್ಗೆ ಏನು ಮಾಡಬೇಕು, ಅದನ್ನು ಹೇಳಿ.” ಕಾರವಾರ, ಕುಮಟಾ, ಭಟ್ಕಳದಿಂದ, ಘಟ್ಟದ ಮೇಲಿನ ಶಿರಸಿ, ಮುಂಡಗೋಡಿನಿಂದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ದೇವಸ್ಥಾನದ ಆಡಳಿತ ಮಂಡಳಿಯವರು ಕೇಳಿದ್ದಾರೆ, ಜಮಾತಿನವರು ಕೇಳಿದ್ದಾರೆ, ಇಗರ್ಜಿಯ ಯುವಕ ಸಂಘದವರು ಕೇಳಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಂತರ್ಯುದ್ಧ ಆಗಿಲ್ಲ. ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ, ಮೊಜಾಂಬಿಕ್‌ನಲ್ಲಿ 1977ರಿಂದ 1992ರವರೆಗೆ, ಲಂಕೆಯಲ್ಲಿ 1983ರಿಂದ 2009ರವರೆಗೆ ಜನ ಪಟ್ಟ ಪಾಡಿಗೂ ನಮ್ಮ ಊರಿನ ಗಲಾಟೆಗಳಿಗೂ ಸಾಟಿಯೇ ಇಲ್ಲ. ಆದರೆ 1993ರಲ್ಲಿ ಭಟ್ಕಳದಲ್ಲಿ ನಡೆದ ಕೋಮುಗಲಭೆಯನ್ನು, 2017ರ ಡಿಸೆಂಬರ್‌ನಲ್ಲಿ ಹೊನ್ನಾವರ, ಕುಮಟಾ, ಶಿರಸಿಯಲ್ಲಿ ಆದದ್ದನ್ನು ಕಂಡವರಿಗೆ ಗೊತ್ತು: ಬಂದೋಬಸ್ತಿನ ವ್ಯಾನು ಊರು ಬಿಟ್ಟ ಮೇಲೂ ಅಕ್ಕಪಕ್ಕದ ಮನೆಯವರು ಮುಖ ಕೊಟ್ಟು ಮಾತಾಡುವುದಿಲ್ಲ. ಅಲ್ಲಿಂದ ಹೊರಬರುವ ದಾರಿಯನ್ನು ಎಲ್ಲರಿಗಿಂತ ಕಷ್ಟಪಟ್ಟು ಹುಡುಕಿದವರು ಯುದ್ಧ ಕಂಡ ಆ ನಾಡುಗಳ ಹಳ್ಳಿಯವರು. ಅಣ್ಣನನ್ನು ಕೊಂದವನ ಮನೆಯ ಎದುರೇ ಬಾಳಬೇಕಾಗಿ ಬಂದವರು ಅವರು. ಅವರಿಗೆ ಯಾವುದು ಕೈಗೂಡಿತು, ಯಾವುದು ಕೈಕೊಟ್ಟಿತು ಎಂದು ತಿಳಿದುಕೊಂಡರೆ ನಮಗೆ ಅರ್ಧ ದಾರಿಯ ಶ್ರಮ ಉಳಿಯುತ್ತದೆ.

ನನ್ನ ಅನಿಸಿಕೆಯನ್ನೂ ಮೊದಲೇ ಹೇಳಿಬಿಡುತ್ತೇನೆ. ಸ್ವಾಮೀಜಿ, ಮೌಲ್ವಿ, ಪಾದ್ರಿ ಒಂದೇ ವೇದಿಕೆಯಲ್ಲಿ ಕೈ ಹಿಡಿದು ನಿಂತ ಫೋಟೊದಿಂದ ಊರು ಕೂಡುವುದಿಲ್ಲ. ನೊಂದವರ ನಷ್ಟವನ್ನು ಅವರ ಬಾಯಿಂದಲೇ ಕೇಳಿ, ಅದು ಆದದ್ದು ಹೌದು ಎಂದು ಊರು ಒಪ್ಪಿ, ಆಮೇಲೆ ಎಲ್ಲರೂ ಸೇರಿ ಒಂದು ಕೆಲಸ ಮಾಡಿ ಮುಗಿಸಿದರೆ ಕೂಡುತ್ತದೆ. ಧರ್ಮಗುರುಗಳು ಬಾಗಿಲು ತೆರೆಸಬಲ್ಲರು. ಒಳಗಿನ ಕೆಲಸ ಊರಿನವರದೇ.

ಶುರುಮಾಡಲು ಬೇಕಾದದ್ದು

ಏಳರಿಂದ ಒಂಬತ್ತು ಜನ. ಯಾರ ಪಾಲಿಗೂ “ಅವರ ಜಾಗ” ಅನ್ನಿಸದ ಒಂದು ಕೂರುವ ಜಾಗ: ಸರಕಾರಿ ಶಾಲೆಯ ಕೊಠಡಿ, ಸೊಸೈಟಿಯ ಮಹಡಿ, ಮೀನುಗಾರರ ಸಂಘದ ಸಭಾಭವನ. ಒಂದು ನೂರು ಪುಟದ ನೋಟುಪುಸ್ತಕ. ಚಹಾದ ಖರ್ಚು. ಕನಿಷ್ಠ ಎರಡು ವರ್ಷದ ತಾಳ್ಮೆ. ಬ್ಯಾನರ್, ಲೆಟರ್‌ಹೆಡ್, ಉದ್ಘಾಟನೆ, ಪತ್ರಿಕಾ ಹೇಳಿಕೆ ಯಾವುದೂ ಬೇಡ. ಹೆಸರಿಡುವ ಅವಸರವೂ ಬೇಡ.

ಹಂತ 1: ಏನು ನಿಂತುಹೋಗಿದೆ ಎಂದು ಬರೆದುಕೊಳ್ಳಿ

ಈ ಕೆಲಸದಲ್ಲಿ ಪಳಗಿದವರು ಇದಕ್ಕೆ ಸಂಘರ್ಷ ನಕ್ಷೆ ಅನ್ನುತ್ತಾರೆ. ಊರಿನಲ್ಲಿ ಯಾರು ಯಾರ ಜತೆಗಿನ ಯಾವ ವ್ಯವಹಾರ ಬಿಟ್ಟಿದ್ದಾರೆ, ಯಾವುದು ಇನ್ನೂ ನಡೆದಿದೆ ಎಂಬುದರ ಪಟ್ಟಿ ಅಷ್ಟೇ. ಎಲ್ಲರೂ ಹಾರಿಸಿಬಿಡುವ ಹಂತ ಇದೇ. ದಯವಿಟ್ಟು ಹಾರಿಸಬೇಡಿ.

“ನಮ್ಮಲ್ಲಿ ಸೌಹಾರ್ದ ಹದಗೆಟ್ಟಿದೆ” ಎಂದು ಬರೆದರೆ ಏನೂ ಬರೆದ ಹಾಗಲ್ಲ. ಕಣ್ಣಿಗೆ ಕಾಣುವ ಸಂಗತಿ ಬರೆಯಿರಿ. ಬಂಗಡೆ ಬುಟ್ಟಿ ಹೊತ್ತು ಬರುವ ಹೆಂಗಸು ಮೊದಲು ಯಾವ ಯಾವ ಮನೆಯ ಜಗಲಿಯಲ್ಲಿ ಬುಟ್ಟಿ ಇಳಿಸುತ್ತಿದ್ದಳು? ಈಗ ಯಾವ ಮನೆಯ ಎದುರು ಕೂಗದೆ ಮುಂದೆ ಹೋಗುತ್ತಾಳೆ? ಅವಳನ್ನು ಕರೆಯುವುದು ನಿಂತದ್ದು ಯಾರ ಮಾತಿನಿಂದ, ಮನೆಯೊಡತಿಯದೋ, ಮನೆಯ ಹುಡುಗನದೋ? ಯಾವ ರಿಕ್ಷಾ ಸ್ಟ್ಯಾಂಡಿನಲ್ಲಿ ಒಬ್ಬ ಮಾತ್ರ ಬೇರೆ ನಿಲ್ಲುತ್ತಾನೆ? ಬೋಟಿನ ಕೆಲಸಕ್ಕೆ ಮೊದಲು ಒಟ್ಟಿಗೆ ಹೋಗುತ್ತಿದ್ದವರು ಈಗ ಬೇರೆ ಬೇರೆ ಬೋಟು ಹತ್ತುತ್ತಾರೋ? ಮದುವೆಯ ಕರೆಯೋಲೆ ಕೊಡುವುದು ಯಾವ ಬೇಸಿಗೆಯಿಂದ ನಿಂತಿತು? ಅಡಿಕೆ ಕೊನೆಕೊಯ್ಲಿಗೆ ಬರುತ್ತಿದ್ದ ಆಳು ಯಾಕೆ ಬರುತ್ತಿಲ್ಲ?

ಇನ್ನೊಂದು ಪುಟದಲ್ಲಿ ಇನ್ನೂ ಉಳಿದಿರುವ ನಂಟು ಬರೆಯಿರಿ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬರವಿಲ್ಲ. ಕಾರವಾರದ ಸದಾಶಿವಗಡದಲ್ಲಿ ದುರ್ಗಾದೇವಿಯ ಗುಡಿಯೂ ಇದೆ, ದರ್ಗಾವೂ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ, ಡಮಾಮಿ ಡೋಲು ಬಾರಿಸಿದರೆ ಮೂವರೂ ಕುಣಿಯುತ್ತಾರೆ. ಚಂದಾವರದ ಇಗರ್ಜಿಯ ಹಬ್ಬಕ್ಕೆ ಹರಕೆ ಹೊತ್ತು ಹೋಗುವವರು ಕ್ರೈಸ್ತರಷ್ಟೇ ಅಲ್ಲ. ಆದರೆ ಇಂಥ ಹೆಸರಾಂತ ಉದಾಹರಣೆ ಬರೆದು ನಿಲ್ಲಬೇಡಿ. ನಿಮ್ಮ ಕೇರಿಯಲ್ಲಿ ರಾತ್ರಿ ಹೆರಿಗೆ ನೋವು ಬಂದರೆ ಈಗಲೂ ಯಾರ ಗಾಡಿ ಬರುತ್ತದೆ? ಆ ಡ್ರೈವರನ ಹೆಸರು ಬರೆಯಿರಿ.

ಇಲ್ಲಿ ಆಗುವ ತಪ್ಪು: ನಕ್ಷೆಯನ್ನು ಒಂದೇ ಕಡೆಯವರು ಕೂತು ಬರೆಯುವುದು. ಎರಡೂ ಕಡೆಯವರು ಬೇರೆ ಬೇರೆಯಾಗಿ ಬರೆದು ಆಮೇಲೆ ಪಕ್ಕದಲ್ಲಿಟ್ಟು ನೋಡಬೇಕು. ಒಬ್ಬರ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿರುವುದು ಇನ್ನೊಬ್ಬರ ಪಟ್ಟಿಯಲ್ಲಿ ಇರುವುದೇ ಇಲ್ಲ. ಮಾತು ಶುರುವಾಗಬೇಕಾದದ್ದು ಆ ಖಾಲಿ ಜಾಗದಿಂದ.

ಹಂತ 2: ಜನರನ್ನು ಆರಿಸಿ

ಊರಿನ ಗಣ್ಯರನ್ನೇ ಕೂಡಿಸಿದರೆ ಅದು ಠಾಣೆಯಲ್ಲಿ ಚೌತಿಗೆ ಮುಂಚೆ ನಡೆಯುವ ಶಾಂತಿ ಸಭೆ ಆಗುತ್ತದೆ. ಅದು ಬೇಡ ಎನ್ನುತ್ತಿಲ್ಲ, ಅದರ ಕೆಲಸ ಬೇರೆ. ನಿಮಗೆ ಬೇಕಾದವರು ದಿನಾ ನಾಲ್ಕು ಮನೆ ತಿರುಗುವವರು: ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಹಾಲು ಡೇರಿಯ ಕಾರ್ಯದರ್ಶಿ, ನಿವೃತ್ತ ಮಾಸ್ತರು, ಬೋಟು ನಡೆಸುವ ತಂಡೇಲ, ಕಿರಾಣಿ ಅಂಗಡಿಯವರು. ಅರ್ಧದಷ್ಟು ಹೆಂಗಸರು ಇರಲೇಬೇಕು. ಈ ಒಂದು ಷರತ್ತನ್ನು ಯಾರು ಏನೇ ಹೇಳಲಿ ಸಡಿಲಿಸಬೇಡಿ.

ಕಾರಣ ಬೇಕಾದರೆ ಲೈಬೀರಿಯಾ ನೋಡಿ. 1989ರಿಂದ ಎರಡು ಸುತ್ತಿನ ಯುದ್ಧದಲ್ಲಿ ಬೆಂದಿದ್ದ ಆ ದೇಶದಲ್ಲಿ 2003ರಲ್ಲಿ ಕ್ರೈಸ್ತ, ಮುಸ್ಲಿಂ ಹೆಂಗಸರು ಬಿಳಿ ಬಟ್ಟೆ ತೊಟ್ಟು ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆಯ ಬಳಿ ಬಯಲಿನಲ್ಲಿ ದಿನಾ ಕೂರತೊಡಗಿದರು. ಅಧ್ಯಕ್ಷ ಚಾರ್ಲ್ಸ್ ಟೇಲರ್‌ನ ವಾಹನಗಳು ಹೋಗುವ ದಾರಿ ಅದು. ಇಗರ್ಜಿಯಿಂದ ಲೇಮಾ ಬೋವಿ, ಮಸೀದಿಯ ಕಡೆಯಿಂದ ಪೊಲೀಸ್ ಅಧಿಕಾರಿಯಾಗಿದ್ದ ಅಸಾಟು ಬಾ ಕೆನೆತ್ ಆ ಹೆಂಗಸರನ್ನು ಕೂಡಿಸಿದರು. ಘಾನಾದ ಆಕ್ರಾದಲ್ಲಿ ಮಾತುಕತೆ ಎಳೆದಾಡಿದಾಗ ಸಭಾಂಗಣದ ಬಾಗಿಲಿಗೇ ಅಡ್ಡ ಕೂತರು. ಆ ವರ್ಷ ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿತ್ತು. ಬೋವಿ ಅವರಿಗೆ 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಮೀನು ಪೇಟೆಯ ಹೆಂಗಸರ ಮಾತಿಗೆ ಎಷ್ಟು ಬಲ ಇದೆ ಎಂಬುದು ಕರಾವಳಿಯವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಆದರೂ ನಮ್ಮ ಸಮಿತಿಗಳಲ್ಲಿ ಅವರಿಗೆ ಕುರ್ಚಿ ಹಾಕುವುದಿಲ್ಲ.

ಒಬ್ಬರಾದರೂ ಹೊರಗಿನವರು ಇರಲಿ. ನಾಗಾಲ್ಯಾಂಡಿನಲ್ಲಿ ನಾಗಾ ಬಂಡುಕೋರರಿಗೂ ಭಾರತ ಸರಕಾರಕ್ಕೂ ಕಾಳಗ ನಡೆದಿದ್ದಾಗ, 1964ರಲ್ಲಿ ಬ್ಯಾಪ್ಟಿಸ್ಟ್ ಚರ್ಚಿನವರ ಒತ್ತಾಸೆಯಿಂದ ಶಾಂತಿ ನಿಯೋಗ ರಚನೆಯಾದಾಗ ಅದರಲ್ಲಿದ್ದವರು ಜಯಪ್ರಕಾಶ ನಾರಾಯಣ, ಅಸ್ಸಾಮಿನ ಮುಖ್ಯಮಂತ್ರಿ ಬಿ.ಪಿ. ಚಾಲಿಹಾ, ಇಂಗ್ಲೆಂಡಿನ ಪಾದ್ರಿ ಮೈಕಲ್ ಸ್ಕಾಟ್. ಒಬ್ಬೊಬ್ಬರ ಮೇಲೆ ಒಂದೊಂದು ಕಡೆಯವರಿಗೆ ನಂಬಿಕೆ ಇತ್ತು. ಆ ಸೆಪ್ಟೆಂಬರ್‌ನಲ್ಲಿ ಕದನವಿರಾಮ ಜಾರಿಗೆ ಬಂತು. ಎಲ್ಲರೂ ಮೆಚ್ಚುವ ಒಬ್ಬನನ್ನು ಹುಡುಕುತ್ತ ವರ್ಷ ಕಳೆಯಬೇಡಿ, ಅಂಥವರು ಸಿಗುವುದಿಲ್ಲ. ಒಂದೊಂದು ಕಡೆಯವರು ನಂಬುವ ಒಬ್ಬೊಬ್ಬರನ್ನು ಹುಡುಕಿ.

ಯಾರು ಬೇಡ: ಯಾವುದೇ ಪಕ್ಷದ ಹಾಲಿ ಪದಾಧಿಕಾರಿ, ಮುಂದಿನ ಪಂಚಾಯಿತಿ ಚುನಾವಣೆಗೆ ನಿಲ್ಲುವ ಮನಸ್ಸಿರುವವರು, ಗಲಾಟೆಯ ಕೇಸಿನಲ್ಲಿ ಆರೋಪಿ ಅಥವಾ ಸಾಕ್ಷಿ ಆಗಿರುವವರು. ಅವರ ಜತೆ ಮಾತಾಡಿ, ಸಮಿತಿಯಲ್ಲಿ ಮಾತ್ರ ಕೂರಿಸಬೇಡಿ.

ಹಂತ 3: ಧರ್ಮಗುರುಗಳ ಬಳಿಗೆ ಹೋಗಿ, ಖಚಿತವಾದ ಒಂದೇ ಕೋರಿಕೆ ಇಟ್ಟುಕೊಂಡು

“ಶಾಂತಿಗಾಗಿ ಆಶೀರ್ವಚನ ಕೊಡಿ” ಎಂದು ಕೇಳಿದರೆ ಆಶೀರ್ವಚನವೇ ಸಿಗುತ್ತದೆ, ಅಲ್ಲಿಗೆ ಮುಗಿಯಿತು. ಹೀಗೆ ಕೇಳಿ ನೋಡಿ: “ಮುಂದಿನ ಶುಕ್ರವಾರದ ನಮಾಜಿನ ನಂತರ, ಸುಟ್ಟ ಅಂಗಡಿ ಯಾರದ್ದೇ ಇರಲಿ ಅದು ನಮ್ಮೂರಿನ ನಷ್ಟ ಅಂತ ಒಂದು ಮಾತು ಹೇಳುತ್ತೀರಾ?” “ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಜತೆ ಈ ಮೂರು ಮನೆಗೆ ಬರುತ್ತೀರಾ?” “ಮಠಕ್ಕೆ ಬರುವ ಈ ಹುಡುಗರನ್ನು ಒಮ್ಮೆ ಕರೆಸಿ, ಮೆರವಣಿಗೆಯಲ್ಲಿ ಆ ಘೋಷಣೆ ಬೇಡ ಅಂತ ತಿಳಿಸುತ್ತೀರಾ?” ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಯನ್ನೇ ಕೇಳಿ.

ಧರ್ಮಗುರು ಎಷ್ಟು ದೂರ ಬರಬಲ್ಲರು ಎಂಬುದಕ್ಕೆ ಉತ್ತರ ಉಗಾಂಡಾದಲ್ಲಿ ಒಂದು ನಿದರ್ಶನ ಇದೆ. ಬಂಡುಕೋರರು ಮಕ್ಕಳನ್ನು ಹೊತ್ತೊಯ್ಯುತ್ತಾರೆಂದು ಸಾವಿರಾರು ಮಕ್ಕಳು ಸಂಜೆಯಾದರೆ ಹಳ್ಳಿ ಬಿಟ್ಟು ಗುಲು ಪಟ್ಟಣಕ್ಕೆ ನಡೆದು ಬಂದು ಬೀದಿಯಲ್ಲಿ ಮಲಗುತ್ತಿದ್ದರು. 2003ರಲ್ಲಿ ಆರ್ಚ್‌ಬಿಷಪ್ ಜಾನ್ ಬ್ಯಾಪ್ಟಿಸ್ಟ್ ಒಡಾಮಾ ಮತ್ತಿತರ ಧರ್ಮಗುರುಗಳು ಹಾಸಿಗೆ ಚೀಲ ಹೊತ್ತು ಹೋಗಿ ಆ ಮಕ್ಕಳ ಜತೆ ನೆಲದ ಮೇಲೆ ರಾತ್ರಿ ಕಳೆದರು. ಕ್ಯಾಥೊಲಿಕ್, ಆಂಗ್ಲಿಕನ್, ಆರ್ಥೊಡಾಕ್ಸ್, ಮುಸ್ಲಿಂ ಮುಖಂಡರು ಸೇರಿ ಕಟ್ಟಿಕೊಂಡಿದ್ದ ಒಕ್ಕೂಟ ಅವರದು. ಬಂಡುಕೋರರ ಜತೆ ಕಾಡಿನಲ್ಲಿ ಮಾತಾಡಿದವರೂ ಅವರೇ, 2000ದ ಕ್ಷಮಾದಾನ ಕಾಯ್ದೆಗೆ ಸರಕಾರದ ಮೇಲೆ ಒತ್ತಡ ತಂದವರೂ ಅವರೇ.

ಅದರ ಜತೆಗೆ ರುವಾಂಡಾವನ್ನೂ ಮರೆಯಬೇಡಿ. 1994ರ ನರಮೇಧದಲ್ಲಿ ಜನ ರಕ್ಷಣೆ ಬಯಸಿ ಓಡಿದ್ದು ಇಗರ್ಜಿಗಳಿಗೆ. ಹಲವು ಇಗರ್ಜಿಗಳಲ್ಲಿ ಅವರನ್ನು ಅಲ್ಲೇ ಕೊಂದರು. ನ್ಯಾಂಗೆ ಎಂಬಲ್ಲಿ ಒಳಗೆ ಜನ ಇರುವಾಗಲೇ ಇಗರ್ಜಿಯನ್ನು ಬುಲ್ಡೋಜರ್‌ನಿಂದ ಕೆಡವಿದರು, ಅಲ್ಲಿನ ಪಾದ್ರಿಗೇ ಅಂತರರಾಷ್ಟ್ರೀಯ ನ್ಯಾಯಮಂಡಳಿ ಜೀವಾವಧಿ ಶಿಕ್ಷೆ ವಿಧಿಸಿತು. ಕಾವಿ, ಟೋಪಿ, ನಿಲುವಂಗಿ ಇದ್ದ ಮಾತ್ರಕ್ಕೆ ಒಬ್ಬರು ಶಾಂತಿಯ ಕಡೆ ಇರುತ್ತಾರೆ ಎಂದು ತಿಳಿಯಬೇಡಿ. ಗಲಾಟೆಯ ವಾರದಲ್ಲಿ ಅವರು ಏನು ಮಾತಾಡಿದ್ದರು ಎಂದು ವಿಚಾರಿಸಿ ಆಮೇಲೆ ಹೋಗಿ.

ಹಂತ 4: ಕಾನೂನಿನ ಗೆರೆ ತಿಳಿದುಕೊಳ್ಳಿ

ಸಭೆ ಕರೆಯುವ ಮೊದಲು ಠಾಣೆಗೆ ಹೋಗಿ ಠಾಣಾಧಿಕಾರಿಗೆ ಬಾಯಿಮಾತಿನಲ್ಲಿ ತಿಳಿಸಿ, ಒಂದು ಪತ್ರವನ್ನೂ ಕೊಟ್ಟು ಸ್ವೀಕೃತಿ ಪಡೆಯಿರಿ. ನಿಷೇಧಾಜ್ಞೆ ಇದ್ದರೆ, ಅಂದರೆ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ (ಹಿಂದಿನ 144) ಪ್ರಕಾರ ಗುಂಪು ಸೇರುವುದನ್ನು ತಡೆದಿದ್ದರೆ, ಅದು ಮುಗಿಯುವವರೆಗೆ ಕಾಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಉಗಾಂಡಾದಲ್ಲಿ ಕ್ಷಮಾದಾನ ಕಾಯ್ದೆ ಇತ್ತು. ಸಿಯೆರಾ ಲಿಯೋನ್‌ನಲ್ಲಿ 1999ರ ಲೋಮೆ ಒಪ್ಪಂದ ಹೋರಾಟಗಾರರಿಗೆ ಕ್ಷಮಾದಾನ ಕೊಟ್ಟಿತ್ತು, ಹಾಗಾಗಿ ಹಳ್ಳಿಯ ಸಾಮಾನ್ಯ ಬಂಡುಕೋರ ಊರ ಮುಂದೆ ನಿಂತು “ನಾನೇ ಮಾಡಿದೆ” ಎನ್ನಬಹುದಿತ್ತು. ನಮ್ಮಲ್ಲಿ ಅಂಥದ್ದಿಲ್ಲ. ನಿಮ್ಮ ಸಭೆಯಲ್ಲಿ ಒಬ್ಬ ಹುಡುಗ ತಪ್ಪೊಪ್ಪಿಕೊಂಡರೆ ಅದನ್ನು ಕೇಳಿದವರನ್ನು ನಾಳೆ ಸಾಕ್ಷಿಗೆ ಕರೆಯಬಹುದು. ಆದ್ದರಿಂದ ಅಲ್ಲಿನ ಕ್ರಮವನ್ನು ಇದ್ದ ಹಾಗೇ ಇಲ್ಲಿಗೆ ತರಬೇಡಿ. ನಿಮ್ಮ ಸಭೆಯಲ್ಲಿ ಮಾತು ನಷ್ಟದ ಬಗ್ಗೆ ಇರಲಿ, ಅಪರಾಧಿ ಯಾರು ಎಂಬ ಬಗ್ಗೆ ಬೇಡ. ಅದನ್ನು ತೀರ್ಮಾನಿಸಲು ಕೋರ್ಟು ಇದೆ.

ಕೇಸು ಹಿಂಪಡೆಯಿರಿ ಎಂದು ಯಾರನ್ನೂ ಒತ್ತಾಯಿಸಬೇಡಿ. ಕೊಲೆ, ಅತ್ಯಾಚಾರದಂಥ ಅಪರಾಧಗಳಲ್ಲಿ ಊರಿನ ರಾಜಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ದಾರಿ, ನೀರು, ಗಡಿ, ಧ್ವನಿವರ್ಧಕದಂಥ ತಕರಾರುಗಳಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ನೆರೆಹೊರೆಯ ಶಾಂತಿಗೆ ಸಂಬಂಧಿಸಿದ ತಕರಾರುಗಳಿಗೆಂದೇ ಸಮುದಾಯ ಮಧ್ಯಸ್ಥಿಕೆಯ ಅಧ್ಯಾಯ ಇದೆ. ಎರಡೂ ಕಡೆಯವರು ಒಪ್ಪಿದರೆ ಮೂವರು ಮಧ್ಯಸ್ಥರು ಕೂತು ಮಾತಾಡಿಸುವ ಕ್ರಮ ಅದು. ಆ ಅಧ್ಯಾಯ ಜಾರಿಗೆ ಬಂದಿದೆಯೇ, ಬಂದಿದ್ದರೆ ನಿಮ್ಮ ತಾಲ್ಲೂಕಿನಲ್ಲಿ ಅದನ್ನು ಹೇಗೆ ನಡೆಸುತ್ತಾರೆ ಎಂದು ಕಾನೂನು ಸೇವಾ ಸಮಿತಿಯ ಕಚೇರಿಯಲ್ಲೇ ಕೇಳಿ. ಅಲ್ಲಿ ಆದ ಒಪ್ಪಂದ ಕೋರ್ಟಿನ ಡಿಕ್ರಿಗೆ ಸಮ ಅಲ್ಲ ಎಂಬುದೂ ನೆನಪಿರಲಿ.

ಹಂತ 5: ಮನೆಮನೆಗೆ ಹೋಗಿ ಕೇಳಿ

ಇಬ್ಬರು ಹೋಗಿ, ಎರಡೂ ಕಡೆಯಿಂದ ಒಬ್ಬೊಬ್ಬರು. ಒಂದು ದಿನಕ್ಕೆ ಎರಡು ಮನೆ ಸಾಕು. ಫೋನು ಒಳಗಿಡಿ, ರೆಕಾರ್ಡ್ ಮಾಡಬೇಡಿ. ಕೇಳುವ ಪ್ರಶ್ನೆ ಮೂರೇ: ನಿಮಗೆ ಏನು ನಷ್ಟ ಆಯಿತು? ಅದರ ಬಗ್ಗೆ ಇವತ್ತಿನವರೆಗೆ ಯಾರಾದರೂ ಕೇಳಿದ್ದಾರಾ? ಈಗ ಏನಾದರೆ ನಿಮಗೆ ಸ್ವಲ್ಪ ಸಮಾಧಾನ? ಮಧ್ಯೆ ಬಾಯಿ ಹಾಕಬೇಡಿ. “ಆದರೆ ಅವರಿಗೂ ಹೀಗೇ ಆಗಿದೆ” ಎಂದು ಮಾತ್ರ ಅಪ್ಪಿತಪ್ಪಿಯೂ ಹೇಳಬೇಡಿ. ಆ ಒಂದು ವಾಕ್ಯಕ್ಕೆ ಮನೆಯ ಬಾಗಿಲು ಮತ್ತೆ ಮುಚ್ಚುತ್ತದೆ. ಗಲಾಟೆಯಲ್ಲಿ ಮಗನ ಕಾಲು ಹೋದ ತಾಯಿಗೆ ಎದುರು ಕೇರಿಯ ಲೆಕ್ಕ ಬೇಡ, ತನ್ನ ಮಗನ ಕಾಲಿನ ಮಾತು ಬೇಕು.

ಲಂಕೆಯನ್ನು ನೋಡಿ. ಯುದ್ಧ ಮುಗಿದು ಸುಮಾರು ಎಂಟು ವರ್ಷವಾದ ಮೇಲೆ, 2017ರ ಫೆಬ್ರವರಿಯಲ್ಲಿ, ಕಿಲಿನೊಚ್ಚಿಯ ಕಂದಸ್ವಾಮಿ ಕೋವಿಲಿನ ಬಳಿ ಕಾಣೆಯಾದವರ ತಾಯಂದಿರು ಮಕ್ಕಳ ಫೋಟೊ ಹಿಡಿದು ಧರಣಿ ಕೂತರು. ಅಂಥವರನ್ನು ಹುಡುಕಲೆಂದು ಸರಕಾರ ಮಾಡಿದ ಕಾಣೆಯಾದವರ ಕಚೇರಿ ಕೆಲಸ ಶುರುಮಾಡಿದ್ದು 2018ರಲ್ಲಿ. ಆ ಹೊತ್ತಿಗೆ ರಸ್ತೆ, ರೈಲು, ಹೊಸ ಕಟ್ಟಡ ಎಲ್ಲ ಬಂದಾಗಿತ್ತು. ತಾಯಂದಿರ ಪ್ರಶ್ನೆಗೆ ಮಾತ್ರ ಉತ್ತರ ಬಂದಿರಲಿಲ್ಲ. ಹಳೆಯದನ್ನು ಕೆದಕುವುದು ಯಾಕೆ, ಅಭಿವೃದ್ಧಿಯ ಮಾತಾಡೋಣ ಎಂದು ನಿಮ್ಮ ಸಭೆಯಲ್ಲೂ ಯಾರಾದರೂ ಹೇಳುತ್ತಾರೆ. ಅವರಿಗೆ ಇದನ್ನು ಹೇಳಿ.

ಎಚ್ಚರಿಕೆ: ಕೆದಕುವುದರಿಂದಲೂ ನೋವಾಗುತ್ತದೆ. ಸಿಯೆರಾ ಲಿಯೋನ್‌ನ 200 ಹಳ್ಳಿಗಳಲ್ಲಿ ನಡೆದು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ತೋರಿಸಿತು. ಊರ ಮುಂದೆ ಸತ್ಯ ಹೇಳಿಕೊಂಡ ಹಳ್ಳಿಗಳಲ್ಲಿ ಕ್ಷಮೆ, ನಂಬಿಕೆ, ಒಟ್ಟಿಗೆ ಕೆಲಸ ಮಾಡುವುದು ಹೆಚ್ಚಿತು. ಅದೇ ಹಳ್ಳಿಗಳ ಜನರಲ್ಲಿ ಖಿನ್ನತೆ, ಆತಂಕ, ಆಘಾತದ ನೆನಪೂ ಹೆಚ್ಚಿತು. ಊರಿಗೆ ಒಳ್ಳೆಯದಾಯಿತು, ಅಲ್ಲಿನ ಒಬ್ಬೊಬ್ಬರೂ ಬೆಲೆ ತೆತ್ತರು. ನಮ್ಮಲ್ಲಿ ಈ ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬರೂ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹೇಳಿಕೊಂಡವರ ಮನೆಗೆ ಮೂರು ದಿನದೊಳಗೆ ಮತ್ತೆ ಹೋಗಿ, ತಿಂಗಳ ಮೇಲೆ ಇನ್ನೊಮ್ಮೆ ಹೋಗಿ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಎಂದರೆ ಆಶಾ ಕಾರ್ಯಕರ್ತೆಯ ಮೂಲಕ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಹಂತ 6: ಎದುರುಬದುರು ಕೂರುವ ಸಭೆ

ಮನೆಭೇಟಿ ಮುಗಿದು ಎರಡೂ ಕಡೆಯಲ್ಲಿ ಕನಿಷ್ಠ ನಾಲ್ಕೈದು ಮನೆಯವರು ತಾವಾಗಿ ಬರುತ್ತೇವೆ ಎಂದರೆ ಮಾತ್ರ ಇದು. ಇಲ್ಲದಿದ್ದರೆ ನೇರವಾಗಿ ಏಳನೇ ಹಂತಕ್ಕೆ ಹೋಗಿ, ಅದರಲ್ಲಿ ತಪ್ಪೇನೂ ಇಲ್ಲ.

ಸಿಯೆರಾ ಲಿಯೋನ್‌ನ ‘ಫ್ಯಾಂಬುಲ್ ಟಾಕ್’, ಅಂದರೆ ಮನೆಮಂದಿಯ ಮಾತುಕತೆ, ಎಂಬ ಚಳವಳಿಯ ಕ್ರಮದಿಂದ ಕೆಲವನ್ನು ತೆಗೆದುಕೊಳ್ಳಬಹುದು. ನಿಮಗೆ ಇದು ಬೇಕೋ ಬೇಡವೋ ಎಂದು ಅವರು ಮೊದಲು ಹಳ್ಳಿಯನ್ನೇ ಕೇಳುತ್ತಿದ್ದರು. ಸಮಿತಿಯಲ್ಲಿ ಇಮಾಮ್, ಪಾದ್ರಿ, ಹೆಂಗಸರು, ಯುವಕರು ಎಲ್ಲರೂ ಇರುತ್ತಿದ್ದರು. ರಾತ್ರಿ ಬೆಂಕಿ ಹಾಕಿ ಸುತ್ತ ಕೂತು ಮಾತು. ಮಾರನೆ ದಿನ ಹಿರಿಯರಿಗೆ ಎಡೆ, ಪ್ರಾರ್ಥನೆ. ಆಮೇಲೆ ಎಲ್ಲರೂ ಸೇರಿ ಊರಿನ ಹೊಲದಲ್ಲಿ ದುಡಿಮೆ.

ನಿಮ್ಮ ಸಭೆಗೆ ನನ್ನ ಸಲಹೆ ಹೀಗಿದೆ. ನೆಲದ ಮೇಲೆ ಜಮಖಾನ ಹಾಸಿ, ಎಲ್ಲರೂ ಒಂದೇ ಎತ್ತರದಲ್ಲಿ ಕೂರಲಿ. ಮೂವತ್ತು ಜನರಿಗಿಂತ ಹೆಚ್ಚು ಬೇಡ. ಮೊದಲು ಮಾತಾಡುವವರು ಹೆಚ್ಚು ಕಳೆದುಕೊಂಡವರು, ಹಿರಿಯರಲ್ಲ, ಧರ್ಮಗುರುಗಳಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಉತ್ತರ ಕೊಡುವಂತಿಲ್ಲ, ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬಹುದು ಅಷ್ಟೇ: “ನಿಮ್ಮ ಅಂಗಡಿ ಸುಟ್ಟ ರಾತ್ರಿ ನಾವು ಕಿಟಕಿ ಹಾಕಿಕೊಂಡು ಕೂತಿದ್ದೆವು ಅಂತ ನಿಮಗೆ ಬೇಜಾರು, ಹೌದಾ?” ಹೀಗೆ ತಿರುಗಿ ಹೇಳಿಸುವುದೇ ಈ ಸಭೆಯ ಜೀವ. ಎರಡು ಗಂಟೆಯೊಳಗೆ ಮುಗಿಸಿ. ಚಹಾ ಕೊನೆಗೆ.

ನೀವು ಕ್ಷಮಿಸಿಬಿಡಿ ಎಂದು ನೊಂದವರಲ್ಲಿ ಯಾರಿಗೂ ಹೇಳಬೇಡಿ. ಧರ್ಮಗುರುಗಳು ಒಳ್ಳೆಯ ಮನಸ್ಸಿನಿಂದಲೇ ಈ ತಪ್ಪು ಮಾಡುತ್ತಾರೆ, ನೊಂದ ಹೆಂಗಸಿನ ಕೈ ಹಿಡಿದು “ದೇವರು ಕ್ಷಮಿಸಿದ ಹಾಗೆ ನೀವೂ ಕ್ಷಮಿಸಿ” ಎನ್ನುತ್ತಾರೆ. ಇಷ್ಟು ಜನರ ಮುಂದೆ ಆಕೆ ಆಗುವುದಿಲ್ಲ ಎಂದು ಹೇಗೆ ಹೇಳಿಯಾಳು? ಆ ಮಾತು ಬರಕೂಡದು ಎಂದು ಮುಂಚಿತವಾಗಿಯೇ ಅವರಿಗೆ ಕೈಮುಗಿದು ಹೇಳಿಡಿ.

ನಷ್ಟ ತುಂಬಿಕೊಡುವ ಮಾತು ಬರಲಿ, ಬರಬೇಕು. ಉತ್ತರ ಉಗಾಂಡಾದ ಅಚೋಲಿಗಳ ‘ಮಾಟೊ ಒಪುಟ್’ ಪದ್ಧತಿಯಲ್ಲಿ ಎರಡೂ ಕುಲದವರು ಕಹಿ ಬೇರಿನ ರಸ ಕುಡಿದು ರಾಜಿಯಾಗುವುದು ಕೊನೆಯಲ್ಲಿ. ಅದಕ್ಕೆ ಮೊದಲು ಕೊಂದದ್ದನ್ನು ಒಪ್ಪಿಕೊಳ್ಳಬೇಕು, ಕೊಂದವನ ಕುಲದವರೆಲ್ಲ ಸೇರಿ ಪರಿಹಾರ ಕೊಡಬೇಕು. ನಮ್ಮಲ್ಲಿ ತಪ್ಪೊಪ್ಪಿಗೆಯ ಮಾತು ಕೋರ್ಟಿಗೆ ಬಿಟ್ಟದ್ದು. ಪರಿಹಾರವನ್ನು ಮಾತ್ರ ಊರು ಕೊಡಬಹುದು. ಎರಡೂ ಕಡೆಯವರು ಹಾಕಿದ ಹಣದಿಂದ ಒಡೆದ ಗಾಜು, ಸುಟ್ಟ ಕೈಗಾಡಿ, ಹರಿದ ಬಲೆ ಸರಿಮಾಡಿಸಿ. ಇದು ದಂಡ ಅಲ್ಲ, ತಪ್ಪೊಪ್ಪಿಗೆಯೂ ಅಲ್ಲ, ಊರಿನ ವಂತಿಗೆ ಎಂದು ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದು ಸಹಿ ಹಾಕಿಸಿ.

ಹಂತ 7: ಒಟ್ಟು ಕೆಲಸ

ಮಾತಿನಿಂದ ಆಗದ್ದು ಎಷ್ಟೋ ಸಲ ಕೆಲಸದಿಂದ ಆಗುತ್ತದೆ. ಮೊಜಾಂಬಿಕ್‌ನಲ್ಲಿ ರೋಮಿನ ಸಂತ ಎಜಿದಿಯೊ ಎಂಬ ಕ್ಯಾಥೊಲಿಕ್ ಬಳಗ ಎರಡು ವರ್ಷಕ್ಕೂ ಹೆಚ್ಚು ಕಾಲ ಮಾತುಕತೆ ನಡೆಸಿ 1992ರ ಅಕ್ಟೋಬರ್ 4ರಂದು ಒಪ್ಪಂದ ಮಾಡಿಸಿತು. ಆದರೆ ಹಳ್ಳಿಗಳಲ್ಲಿ ಬಂದೂಕು ಹೂತಿಟ್ಟಿದ್ದು ಹಾಗೇ ಇತ್ತು. 1995ರಲ್ಲಿ ಅಲ್ಲಿನ ಕ್ರೈಸ್ತ ಮಂಡಳಿ, ಬಿಷಪ್ ದಿನಿಸ್ ಸೆಂಗುಲಾನೆ ಅವರ ಮುಂದಾಳುತನದಲ್ಲಿ, ಬಂದೂಕು ಕೊಟ್ಟವರಿಗೆ ಹೊಲಿಗೆ ಯಂತ್ರ, ಸೈಕಲ್, ಗುದ್ದಲಿ ಕೊಡತೊಡಗಿತು. ಬಂದೂಕಿನ ತುಂಡುಗಳಿಂದ ಕಲಾವಿದರು ಕುರ್ಚಿ, ಮರ, ಹಕ್ಕಿ ಮಾಡಿದರು. ಹೀಗೆ ಮಾಡಿದ ಒಂದು ಕುರ್ಚಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕೈಗೆ ದುಡಿಮೆಯ ಸಾಧನ ಬಂದ ಮೇಲೆ ಬಂದೂಕು ಹೂತಿಟ್ಟವನಿಗೆ ಅದನ್ನು ಕೊಟ್ಟುಬಿಡಲು ಒಂದು ಕಾರಣ ಸಿಕ್ಕಿತು.

ನಮ್ಮಲ್ಲಿ ಕಾಲುಸಂಕ ಕಟ್ಟುವುದು ಇದಕ್ಕೆ ಹೇಳಿ ಮಾಡಿಸಿದ ಕೆಲಸ. ಹಳ್ಳಕ್ಕೆ ಅಡ್ಡ ಅಡಿಕೆ ಮರ ಹಾಸಿ, ಮೇಲೆ ದಬ್ಬೆ ಬಡಿದು, ಹಿಡಿಕೆಗೆ ಬಿದಿರು ಕಟ್ಟಿದ ಸಂಕವನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಯಾರಾದರೂ ಸರಿಮಾಡಲೇಬೇಕು. ಅದರ ಮೇಲೆ ಎಲ್ಲರ ಮಕ್ಕಳೂ ಶಾಲೆಗೆ ಹೋಗುತ್ತಾರೆ. ಮರ ಒಬ್ಬರ ತೋಟದಿಂದ ಬರುತ್ತದೆ, ಹಗ್ಗ ಇನ್ನೊಬ್ಬರ ಬೋಟಿನಿಂದ. ಮರದ ಈ ತುದಿ ಎತ್ತಿದವನು ಆ ತುದಿಯವನಿಗೆ “ಹಿಡಿ, ಬಿಡಬೇಡ” ಎಂದು ಕೂಗಲೇಬೇಕು. ಮಾತು ಬಿಟ್ಟವರ ನಡುವಿನ ಮೊದಲ ಮಾತು ಅದೇ ಆಗಿರುತ್ತದೆ. ಕರಾವಳಿಯಲ್ಲಾದರೆ ದಕ್ಕೆಯ ದಾರಿ, ಖಾರ್‌ಲ್ಯಾಂಡಿನ, ಅಂದರೆ ಉಪ್ಪುನೀರಿನ ಗದ್ದೆಯ, ಒಡ್ಡು. ಘಟ್ಟದ ಮೇಲಾದರೆ ಕೆರೆಯ ಹೂಳು, ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬೀಳದಂತೆ ಬೆಂಕಿರೇಖೆ.

ಕೆಲಸ ಆರಿಸುವಾಗ ಎರಡನ್ನು ಗಮನಿಸಿ. ಅದು ಎರಡೂ ಕಡೆಗೆ ನಿಜವಾಗಿ ಬೇಕಾದದ್ದಾಗಿರಬೇಕು, ಮತ್ತು ಒಂದು ಕಡೆಯವರಿಂದಲೇ ಮುಗಿಯದಂಥದ್ದಾಗಿರಬೇಕು. ಸೌಹಾರ್ದ ಕ್ರಿಕೆಟ್ ಪಂದ್ಯ ಬೇಡ. ಆಡಿಸುವುದಾದರೆ ತಂಡಗಳನ್ನು ಕೇರಿವಾರು ಮಾಡದೆ ಬೆರೆಸಿ. ಒಟ್ಟು ಊಟವನ್ನೂ ಮೊದಲ ವರ್ಷವೇ ಇಟ್ಟುಕೊಳ್ಳಬೇಡಿ. ಯಾರು ಬೇಯಿಸಿದ್ದು, ಮೀನು ಇದೆಯೋ ಇಲ್ಲವೋ ಎಂಬಲ್ಲೇ ಹಳೆಯ ಮನಸ್ತಾಪ ತಲೆ ಎತ್ತುತ್ತದೆ. ಚಹಾ, ಅವಲಕ್ಕಿ, ಬಾಳೆಹಣ್ಣು ಸಾಕು.

ಹಂತ 8: ಗಾಳಿಸುದ್ದಿ ಮತ್ತು ಹಬ್ಬದ ದಿನಗಳು

ಎರಡು ವರ್ಷ ಕಟ್ಟಿದ್ದನ್ನು ಒಂದು ವಾಟ್ಸಾಪ್ ವಿಡಿಯೊ ಒಂದು ರಾತ್ರಿಯಲ್ಲಿ ಕೆಡವಬಹುದು. ನೈಜೀರಿಯಾದ ಕಡುನಾದಲ್ಲಿ ಇಮಾಮ್ ಮುಹಮ್ಮದ್ ಅಶಾಫಾ, ಪಾಸ್ಟರ್ ಜೇಮ್ಸ್ ವುಯೆ ಇಬ್ಬರೂ ಮೊದಲು ಎದುರು ಬದುರು ಪಡೆಗಳಲ್ಲಿದ್ದವರು. 1992ರ ಗಲಭೆಯಲ್ಲಿ ವುಯೆ ಕೈ ಕಳೆದುಕೊಂಡರು, ಅಶಾಫಾ ತಮ್ಮ ಗುರುವನ್ನೂ ಬಂಧುಗಳನ್ನೂ ಕಳೆದುಕೊಂಡರು. 1995ರಲ್ಲಿ ಭೇಟಿಯಾಗಿ, ನಿಧಾನಕ್ಕೆ ಜತೆಗೂಡಿ, ಎರಡೂ ಧರ್ಮದವರ ನಡುವೆ ಮಧ್ಯಸ್ಥಿಕೆ ಮಾಡುವ ಕೇಂದ್ರ ಕಟ್ಟಿದರು. ಅವರಿಂದ ಕಲಿಯಬೇಕಾದದ್ದು ಎದುರು ಕಡೆಯವರ ಜತೆ ನೇರವಾಗಿ ಮಾತಾಡುವ ಅಭ್ಯಾಸ. ಗಾಳಿಸುದ್ದಿ ಬಂದಾಗ ಬೇಕಾದದ್ದೂ ಅದೇ.

ನೀವು ಹೀಗೆ ಮಾಡಿ. ಎರಡೂ ಕಡೆಯಿಂದ ಇಬ್ಬಿಬ್ಬರನ್ನು ಗೊತ್ತುಮಾಡಿ, ಅವರ ನಂಬರ್ ಪರಸ್ಪರರ ಬಳಿ ಇರಲಿ. “ಮಸೀದಿಗೆ ಕಲ್ಲು ಬಿತ್ತಂತೆ”, “ಗೋವಿನ ಗಾಡಿ ಹೋಯಿತಂತೆ” ಎಂಬ ಮಾತು ಬಂದರೆ ಅವರು ಮೊದಲು ಒಬ್ಬರಿಗೊಬ್ಬರು ಫೋನು ಮಾಡಬೇಕು, ಇಬ್ಬರೂ ಸ್ಥಳಕ್ಕೆ ಹೋಗಿ ನೋಡಬೇಕು, ಆಮೇಲೆ ಕಂಡದ್ದನ್ನು ಇಬ್ಬರ ದನಿಯಲ್ಲೂ ಒಂದೇ ಧ್ವನಿಸಂದೇಶವಾಗಿ ಗುಂಪುಗಳಿಗೆ ಹಾಕಬೇಕು. ಸುಳ್ಳು ವಿಡಿಯೊವನ್ನು “ಇದು ಸುಳ್ಳು” ಎಂದು ಬರೆದು ಕೂಡ ಮುಂದೆ ಕಳಿಸಬೇಡಿ, ನೋಡುವವರು ವಿಡಿಯೊ ಮಾತ್ರ ನೋಡುತ್ತಾರೆ. ವೈರ ಹಚ್ಚುವ ಸಂದೇಶ ಹಂಚುವುದು ನ್ಯಾಯ ಸಂಹಿತೆಯ 196ನೇ ಕಲಂ (ಹಿಂದಿನ 153ಎ) ಪ್ರಕಾರ ಅಪರಾಧ ಎಂದು ಹುಡುಗರಿಗೆ ಮೊದಲೇ ತಿಳಿಸಿಡಿ. ಕೈಮೀರುತ್ತಿದೆ ಅನ್ನಿಸಿದರೆ ತಡಮಾಡದೆ 112.

ವರ್ಷದ ಶುರುವಿನಲ್ಲೇ ಎಲ್ಲ ಹಬ್ಬಗಳ ಪಟ್ಟಿ ಮಾಡಿ. ಮುಸ್ಲಿಮರ ಹಬ್ಬಗಳು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಯಾವುದೋ ವರ್ಷ ಯಾವುದೋ ಹಬ್ಬದ ಜತೆ ಬಂದೇ ಬರುತ್ತವೆ. 2023ರಲ್ಲಿ ಅನಂತ ಚತುರ್ದಶಿಯೂ ಈದ್ ಮಿಲಾದೂ ಸೆಪ್ಟೆಂಬರ್ 28ರಂದೇ ಬಂದವು. ಮುಂಬೈಯಲ್ಲಿ ಮುಸ್ಲಿಂ ಸಂಘಟನೆಗಳು ತಮ್ಮ ಮೆರವಣಿಗೆಯನ್ನು ಮಾರನೆ ದಿನಕ್ಕೆ ಹಾಕಿಕೊಂಡವು. ಇಂಥ ತೀರ್ಮಾನ ತಿಂಗಳ ಮುಂಚೆ ಆದರೆ ಸೌಜನ್ಯ ಎನ್ನಿಸುತ್ತದೆ, ಹಿಂದಿನ ರಾತ್ರಿ ಪೊಲೀಸರು ಹೇರಿದರೆ ಸೋಲು ಎನ್ನಿಸುತ್ತದೆ. ಮೆರವಣಿಗೆಯ ದಾರಿ, ಹೊತ್ತು, ಡಿಜೆಯ ಸದ್ದು, ಪ್ರಾರ್ಥನೆಯ ವೇಳೆಗೆ ಎಲ್ಲಿ ವಾದ್ಯ ನಿಲ್ಲಿಸುವುದು, ಇವೆಲ್ಲವನ್ನೂ ಎರಡೂ ಕಡೆಯ ಹುಡುಗರೇ ಒಟ್ಟಿಗೆ ದಾರಿಯಲ್ಲಿ ನಡೆದು ನೋಡಿ ಗೊತ್ತುಮಾಡಲಿ. ಹಿರಿಯರು ಕೂತು ಗೊತ್ತುಮಾಡಿದ್ದನ್ನು ಮುರಿಯುವುದು ಹುಡುಗರಿಗೆ ಸುಲಭ, ತಾವೇ ಒಪ್ಪಿದ್ದನ್ನು ಮುರಿಯುವುದು ಕಷ್ಟ.

ಮತ್ತೆ ಮತ್ತೆ ಬರುವ ಮೂರು ಪ್ರಶ್ನೆಗಳು

“ನಮ್ಮ ಕಡೆಯವರೇ ನಮ್ಮನ್ನು ದ್ರೋಹಿ ಅನ್ನುತ್ತಾರೆ, ಏನು ಮಾಡುವುದು?” ಅನ್ನುತ್ತಾರೆ, ಖಂಡಿತ. ಒಬ್ಬರೇ ಎಲ್ಲೂ ಹೋಗಬೇಡಿ, ನಿಮ್ಮ ಕೇರಿಯ ಇನ್ನೊಬ್ಬರು ಜತೆಗಿರಲಿ. ಆ ಕಡೆ ಏನು ಮಾತಾಡಿದಿರಿ ಎಂಬುದನ್ನು ಬಂದ ದಿನವೇ ನಿಮ್ಮ ಕೇರಿಯಲ್ಲಿ ಹೇಳಿಬಿಡಿ. ಗುಟ್ಟು ಇದ್ದಲ್ಲಿ ಅನುಮಾನ ಬೆಳೆಯುತ್ತದೆ. ಬೆದರಿಕೆ ಬಂದರೆ ಮಾತ್ರ ಮುಚ್ಚಿಡದೆ ಠಾಣೆಗೆ ಬರೆದುಕೊಡಿ.

“ದುಡ್ಡು?” ವಂತಿಗೆ ಸಾಕು. ಒಬ್ಬರೇ ದೊಡ್ಡ ಮೊತ್ತ ಕೊಡಲು ಮುಂದೆ ಬಂದರೆ, ಅದರಲ್ಲೂ ಚುನಾವಣೆಯ ವರ್ಷದಲ್ಲಿ, ನಯವಾಗಿ ಬೇಡ ಎನ್ನಿ. ಲೆಕ್ಕದ ಪುಟವನ್ನು ತಿಂಗಳಿಗೊಮ್ಮೆ ಎಲ್ಲರಿಗೂ ಓದಿ ಹೇಳಿ.

“ಸಂಘ ನೋಂದಾಯಿಸಬೇಕಾ?” ಮೊದಲ ವರ್ಷ ಬೇಡ. ಅಧ್ಯಕ್ಷ, ಕಾರ್ಯದರ್ಶಿ ಯಾರು ಎಂಬ ಜಗಳದಲ್ಲೇ ಎಷ್ಟೋ ಸಮಿತಿಗಳು ಮುಗಿಯುತ್ತವೆ. ಕೆಲಸ ನೆಲೆಯೂರಿ, ಬ್ಯಾಂಕ್ ಖಾತೆ ಬೇಕೇ ಬೇಕು ಎನ್ನುವ ಹಂತ ಬಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸದಸ್ಯರಿದ್ದರೆ ನೋಂದಾಯಿಸಬಹುದು. ಅಧ್ಯಕ್ಷ ಸ್ಥಾನ ವರ್ಷಕ್ಕೊಮ್ಮೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು ಎಂಬುದನ್ನು ಬೈಲಾದಲ್ಲಿ ಮೊದಲೇ ಬರೆಯಿಸಿ.